ನಮ್ಮ ಕಾರಿನ ಆರದ ದೀಪ

ನಾನು ಏನಾದರೂ ರಿಪೇರಿಗೆ ಕೂತರೆ ಸಾಕು, ಗದಗಿನ ನಮ್ಮ ಓಣಿಗೆ ಒಂದು ವಾರದ ಮಾತು ಸಿಕ್ಕಂತೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮಾಸ್ತರ ಮೆಕ್ಯಾನಿಕ್‌ನ ಮುಂದೆ ಕೈಕಟ್ಟಿ ನಿಲ್ಲುವುದೇ? ಈ ಸಲ ಕಾರಿನ ಸರದಿ. ಅಮಾವಾಸ್ಯೆ ಮುಗಿದಂದಿನಿಂದ ದಿನಾ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತಿತ್ತು. ಭಾನುವಾರ ಮುಂಡರಗಿಯಲ್ಲಿ ಹೆಂಡತಿಯ ಕಡೆ ಒಂದು ಮದುವೆ ನಿಶ್ಚಯ. ಕಾರು ಹೊರಡದಿದ್ದರೆ ಲಕ್ಷ್ಮೇಶ್ವರದ ಭಾವಮೈದುನನ ಕಾರಿನಲ್ಲಿ, ಅವನ ಚೇಷ್ಟೆ ಕೇಳುತ್ತ ಹೋಗಬೇಕು. ಅದಕ್ಕಿಂತ ನಡೆದು ಹೋಗುವುದೇ ಲೇಸು.

೧. ಸಾಕ್ಷಿಗಳು

ಬ್ಯಾಟರಿ ಚಾರ್ಜ್ ಮಾಡಿಸಿ ತಂದು, ದೋಷ ಲೈಟಿನಲ್ಲಿದೆಯೋ ಎಂದು ನೋಡಲು ಎದುರುಮನೆಯವರನ್ನು ಕಾರಿನ ಹಿಂದೆ ನಿಲ್ಲಿಸಿ ಬ್ರೇಕ್ ತುಳಿದೆ.

"ಲೈಟ್ ಹತ್ತೈತೇನ್ರಿ?"

"ಹತ್ತೈತ್ರಿ ಮಾಸ್ತರ."

ಕಾಲು ತೆಗೆದೆ. "ಈಗ?"

"ಈಗೂ ಹತ್ತೈತ್ರಿ."

ಇವರ ಲಕ್ಷ್ಯ ಎಲ್ಲೋ ಇದೆ ಎಂದು ಹೆಂಡತಿಯನ್ನು ಕರೆದೆ. ಅವಳದೂ ಅದೇ ರಾಗ: ತುಳಿದರೂ ಹತ್ತೈತಿ, ಬಿಟ್ಟರೂ ಹತ್ತೈತಿ. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ ಮೇಲೆ ಇನ್ನೇನು? ಲೈಟಿಗೆ ನೂರಕ್ಕೆ ನೂರು ಅಂಕ ಕೊಟ್ಟು ಊಟಕ್ಕೆ ಹೋದೆ.

೨. ಟೆಸ್ಟರ್

ಮರುದಿನ ಮತ್ತೆ ಬ್ಯಾಟರಿ ಸತ್ತಿತ್ತು. ಮನೆ ವೈರಿಂಗ್ ಮಾಡುವ ಪರಿಚಯದವನನ್ನು ಕರೆಸಿದೆ. ಅವನು ಮನೆಯ ಪ್ಲಗ್ಗಿಗೆ ಚುಚ್ಚುವ ಟೆಸ್ಟರನ್ನೇ ಕಾರಿನ ಬ್ಯಾಟರಿಗೂ ಚುಚ್ಚಿ, ತಲೆ ಅಲ್ಲಾಡಿಸಿದ.

"ಗಾಡ್ಯಾಗ ಕರೆಂಟೇ ಇಲ್ರಿ."

"ಅದಕ್ಕ ನಿನ್ನ ಕರಸೇನಪಾ!"

"ಕರೆಂಟ್ ಬಂದ ಮ್ಯಾಲೆ ಖಬರ ಕೊಡ್ರಿ. ಬಂದು ರಿಪೇರಿ ಮಾಡತೇನಿ."

೩. ಹಾರ್ನು

ಸಂಜೆ ಎದುರುಮನೆಯವರು ಹೇಳಿದರು: "ಮಾಸ್ತರ, ರಾತ್ರೆಲ್ಲಾ ಹಿಂದಿನ ಕೆಂಪು ಲೈಟ್ ಹಚ್ಚಿ ಇಡತೀರಲ್ಲ, ನಮ್ಮ ಅಂಗಳಕ್ಕ ಭಾಳ ಚೊಲೋ ಆಗೇತಿ."

ಆಗ ನನ್ನ ತಲೆಯಲ್ಲೂ ಲೈಟು ಹತ್ತಿತು. ಬ್ಯಾಟರಿ ತಿನ್ನುತ್ತಿದ್ದದ್ದು ಅದೇ ಬ್ರೇಕ್ ಲೈಟು! ಬ್ಯಾಟರಿ ಚಾರ್ಜ್ ಮಾಡಿಸಿ, ಆ ಲೈಟಿನ ಫ್ಯೂಸ್ ಕಿತ್ತು, ಜಂಬದಿಂದ ಬೆಟಗೇರಿ ಸಂತೆಗೆ ಹೊರಟೆ. ಹಾರ್ನಿಗೂ ಅದೇ ಫ್ಯೂಸ್ ಎಂದು ಗೊತ್ತಾದದ್ದು ಸಂತೆಯ ನಟ್ಟನಡುವೆ. ಕಿಟಕಿಯಿಂದ ತಲೆ ಹೊರಹಾಕಿ "ಸರೀರಿ, ಸರೀರಿ!" ಎಂದು ಕೂಗುತ್ತ ಹೋದೆ. ಉಳ್ಳಾಗಡ್ಡಿ ಮಾರುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿ ಪಕ್ಕದವಳಿಗೆ ಹೇಳಿದಳು: "ನಮ್ಮ ಸರ್ ರಿಟೈರ್ ಆದ್ರೂ ಒದರೂದು ಬಿಟ್ಟಿಲ್ಲ ನೋಡ."

೪. ಲಿಂಬಿಹಣ್ಣು

ಹಾರ್ನು ಬೇಕಲ್ಲ ಎಂದು ಭಾನುವಾರ ಫ್ಯೂಸ್ ಮತ್ತೆ ಹಾಕಿದೆ. ಲೈಟು ಮತ್ತೆ ಹತ್ತಿ ಕೂತಿತು. ಅಷ್ಟರಲ್ಲಿ ಭಾವಮೈದುನ ತನ್ನ ಕಾರಿನಲ್ಲಿ ಬಂದೇಬಿಟ್ಟ.

"ಮಾಮಾ, ಸುಮ್ನ ನನ್ನ ಗಾಡಿ ಹತ್ರಿ," ಎಂದು ನಕ್ಕ. ಮೈ ಉರಿಯಿತು.

"ತಡೀರಿ," ಎಂದಳು ಹೆಂಡತಿ, "ಶುಭಕಾರ್ಯಕ್ಕ ಹೊಂಟೇವಿ, ಹಳೇ ಲಿಂಬಿಹಣ್ಣು ಬ್ಯಾಡ." ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ ಏನೋ ಬಿಚ್ಚಿದಳು.

"ಮಾಮಾ, ಲೈಟ್ ಆರಿತು!" ಹಿಂದಿನಿಂದ ಭಾವಮೈದುನ ಕೂಗಿದ.

ಅವಳು ಹೊಸ ಹಣ್ಣು ಕಟ್ಟಿದಳು.

"ಹತ್ತಿತು!"

ಬಗ್ಗಿ ನೋಡಿದೆ. ದೃಷ್ಟಿಯ ಹಣ್ಣು ಕನ್ನಡಿಗೆ ಕಟ್ಟಿದರೆ ಅಡ್ಡ ಬರುತ್ತದೆಂದು ಅಮಾವಾಸ್ಯೆಯ ದಿನ ಬೈದವನು ನಾನೇ. ದೇವರ ಹಣ್ಣಿಗೆ ಕಾಲು ತಾಗಬಾರದೆಂದು ಅವಳು ಬ್ರೇಕ್ ಪೆಡಲಿನ ಮೇಲ್ತುದಿಯ ಹಿಂದೆ ಕಟ್ಟಿದ್ದಳು. ಹಣ್ಣು ಅಡ್ಡ ಸಿಕ್ಕಿ ಪೆಡಲು ಪೂರ್ತಿ ಮೇಲೆ ಬರಲಾಗದೆ, ಯಾರೋ ಬ್ರೇಕ್ ತುಳಿದೇ ಇದ್ದಾರೆಂದು ಕಾರು ತಿಳಿದಿತ್ತು. ಇದನ್ನೆಲ್ಲ ವಿವರಿಸಲು ಬಾಯಿ ತೆರೆದೆ.

"ನೋಡ್ರಿ," ಎಂದಳು ಅವಳು, "ಹೊಸಾದು ಕಟ್ಟಿದ ಕೂಡ್ಲೇ ಲೈಟ್ ಬಂತು. ಮೂವತ್ತು ವರ್ಷ ಏನ್ ಕಲಿಸಿದ್ರೋ!"

ಹಣ್ಣನ್ನು ಕನ್ನಡಿಗೆ ಕಟ್ಟಿಸಿ, ನನ್ನ ಕಾರಿನಲ್ಲೇ ಮುಂಡರಗಿ ಮುಟ್ಟಿದೆವು. ಅಲ್ಲಿ ಭಾವಮೈದುನ ಎಲ್ಲರಿಗೂ ಕಥೆ ಹೇಳಿದ. ಊಟ ಮುಗಿಯುವಷ್ಟರಲ್ಲಿ ಮೂವರು ಹಿರಿಯರು ನಮ್ಮ ಪಂಕ್ತಿಗೆ ಬಂದರು. ವಿಜ್ಞಾನ ಕೇಳಲು ಬಂದರೆಂದು ನಾನು ಎದ್ದು ನಿಂತೆ. ಅವರು ನನ್ನನ್ನು ದಾಟಿ ಹೆಂಡತಿಯ ಮುಂದೆ ನಿಂತರು.

"ಅಕ್ಕಾರ, ನಮ್ಮ ಗಾಡಿಗೂ ಒಂದು ಲಿಂಬಿಹಣ್ಣು ಕಟ್ಟಿ ಕೊಡ್ರಿ. ಲೈಟ್ ಹತ್ತವಲ್ದು."