ಹಾಲಿಗೆ ವಿಷ ಹಾಕಿದವನು ಹೆಣ್ಣು ನೋಡೋಕೆ ಹೋದದ್ದು

ಹೀರೋಗಳಿಗೆ ಇಂಥವೆಲ್ಲ ಆಗೋದಿಲ್ಲ. ಅವರನ್ನು ಕಾರಲ್ಲಿ ಕರೆದುಕೊಂಡು ಹೋಗಿ ಕಾರಲ್ಲೇ ತಂದು ಬಿಡ್ತಾರೆ. ಏನಾದರೂ ಆಗೋಕೆ ಜಾಗವೇ ಇರೋದಿಲ್ಲ. ನನ್ನಂಥ ಪೋಷಕ ನಟ ಬಸ್ಸಲ್ಲಿ ಓಡಾಡ್ತಾನೆ, ಹಾಗಾಗಿ ತಿಂಗಳಿಗೊಂದು ಆಗ್ತಾನೇ ಇರುತ್ತೆ.

ಯಗಟಿಯಲ್ಲಿ ಕುರಿ ಹಿಂದೆ ಸುತ್ತಿ ಬೆಳೆದವನು ನಾನು. ಈಗ ನಾಟಕದಲ್ಲೂ ಇದ್ದೀನಿ, ಧಾರಾವಾಹಿಯಲ್ಲೂ ಇದ್ದೀನಿ. ಕಾನ್‌ಸ್ಟೇಬಲ್, ಕಾಂಪೌಂಡರ್, ವಿಲನ್ನಿನ ಬಲಗೈ, ಹೆಣ, ಯಾವುದು ಬೇಕು ಹೇಳಿ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ಜರಡಿ ಹಿಡಿದರೂ ನನ್ನಷ್ಟು ಚೆನ್ನಾಗಿ ಸಾಯೋ ನಟ ಸಿಗೋದಿಲ್ಲ. ಜಂಬಕ್ಕೆ ಹೇಳ್ತಿಲ್ಲ. ಜಂಬಕ್ಕೆ ಹೇಳೋದಾಗಿದ್ರೆ ಇನ್ನೂ ಜಾಸ್ತಿ ಹೇಳ್ತಿದ್ದೆ.

ಇಂಥ ನಟನಿಗೆ ಬೇಕಾಗಿದ್ದದ್ದು ಒಂದೇ: ಅಜ್ಜಂಪುರದ ಕೊಬ್ಬರಿ ವ್ಯಾಪಾರಿಯ ಮಗಳು. ತರೀಕೆರೆಯಲ್ಲಿ ನರ್ಸ್ ಆಗಿದ್ದಾಳೆ. ಅವಳಿಗೆ ನಾನು ಒಪ್ಪಿಗೆ, ನನಗೆ ಅವಳು ಒಪ್ಪಿಗೆ. ಅವರಪ್ಪ ಮಾತ್ರ, "ಮುಖಕ್ಕೆ ಬಣ್ಣ ಬಳ್ಕೊಳ್ಳೋದೂ ಒಂದು ಕೆಲ್ಸವೇನ್ರೀ?" ಅಂತ ಕೂತುಬಿಟ್ಟಿದ್ದರು.

ಸತ್ತವನಿಗೆ ಹಾರ

ಅವರ ಮನಸ್ಸು ತಿರುಗಿಸೋ ಕೆಲಸವನ್ನು ನನ್ನ ಸೋದರಮಾವ ಹೊತ್ತುಕೊಂಡ. ಕಡೂರಿನಲ್ಲಿ ನಮ್ಮ ತಂಡದ ರಾಜರ ಕತೆಯ ನಾಟಕ ಇದ್ದಾಗ ಅವರನ್ನು ಪುಸಲಾಯಿಸಿ ಕರೆತಂದು ಮುಂದಿನ ಸಾಲಲ್ಲೇ ಕೂರಿಸಿದ. ನಾನು ಸೇನಾಪತಿ. ಎರಡನೇ ದೃಶ್ಯದಲ್ಲಿ ರಾಜನ ಕತ್ತಿಗೆ ಸಾಯಬೇಕು.

ನಮ್ಮ ಕಡೆ ನಾಟಕ ನಡೀತಿರುವಾಗಲೇ ನೆಂಟರಿಷ್ಟರು ರಂಗದ ಮೇಲೆ ಹತ್ತಿ ತಮ್ಮ ಹುಡುಗನಿಗೆ ಹಾರ ಹಾಕೋದು ರೂಢಿ. ಮಾವನೂ ಮೊಣಕಾಲುದ್ದದ ಸೇವಂತಿಗೆ ಹಾರ ತಂದಿದ್ದ. ಆದರೆ ಅದರ ಪೊಟ್ಟಣ ಬಿಚ್ಚಿ ಮೇಲೆ ಹತ್ತೋ ಹೊತ್ತಿಗೆ ನಾನು ಸತ್ತು ಬಿದ್ದಿದ್ದೆ.

"ಏಳೋ, ಹಾರ ಹಾಕ್ಬೇಕು," ಅಂದ ಬಗ್ಗಿ.

"ಮಾವ, ನಾನು ಸತ್ತೋಗಿದೀನಿ," ಅಂದೆ ತುಟಿ ಅಲ್ಲಾಡಿಸದೆ.

"ಸತ್ತೋರ್ಗೆ ತಾನೇ ಕಣೋ ಮೊದ್ಲು ಹಾಕೋದು! ಕತ್ತು ಎತ್ತು."

ಎತ್ತಿದೆ. ಹಾಕಿದ. ಅಷ್ಟಕ್ಕೇ ಇಳಿದುಹೋದ್ರೆ ಅವನು ನಮ್ಮ ಮಾವನೇ ಅಲ್ಲ. ನನ್ನನ್ನು ಕೊಂದು ಗರ್ಜಿಸುತ್ತಿದ್ದ ರಾಜನ ಕಡೆ ತಿರುಗಿ, "ಏನಪ್ಪಾ ರಾಜ, ಆ ಕತ್ತಿ ಒಸಿ ಕೆಳಗಿಳ್ಸು, ಫೋಟೋಕ್ಕೆ ಅಡ್ಡ ಬತ್ತದೆ," ಅಂದ. ರಾಜ ಇಳಿಸಿದ. ಹಾರ್ಮೋನಿಯಂ ನಿಂತಿತು. ಫೋಟೋ ಆಯ್ತು. ಆ ಫೋಟೋ ಈಗಲೂ ಮಾವನ ಮನೆ ಗೋಡೆ ಮೇಲಿದೆ. ಅದರಲ್ಲಿ ಎಲ್ಲರಿಗಿಂತ ಹಲ್ಲು ಜಾಸ್ತಿ ಬಿಟ್ಟಿರೋನು ಸತ್ತಿರೋ ಸೇನಾಪತಿ.

ಹುಡುಗಿಯ ಅಪ್ಪ ಎದ್ದು ಪಂಚೆ ಕೊಡವಿಕೊಂಡು ಹೇಳಿದರಂತೆ: "ಸಾಯೋದನ್ನೂ ನೆಟ್ಟಗೆ ಸಾಯಲ್ವಲ್ರೀ ನಿಮ್ಮ ಹುಡ್ಗ!"

ನನ್ನ ಬೆನ್ನು

ಅದಾಗಿ ಸ್ವಲ್ಪ ದಿನಕ್ಕೆ ಧಾರಾವಾಹಿಯಲ್ಲಿ ಕಾನ್‌ಸ್ಟೇಬಲ್ ಪಾತ್ರ ಸಿಕ್ಕಿತು. ಒಂದೇ ಮಾತು: "ಸಾರ್, ಅವನು ಹಿಂದಿನ ಬಾಗಿಲಿಂದ ಓಡಿಹೋದ." ಆ ಒಂದು ಮಾತನ್ನು ನಾನು ಹೇಳಿದ ರೀತಿ ಕೇಳಿದ್ದರೆ ಓಡಿಹೋದವನೇ ವಾಪಸ್ ಬರ್ತಿದ್ದ. ಊರಿಗೆಲ್ಲ ಸಾರಿದೆ. ಆ ಸಂಜೆ ಅರ್ಧ ಯಗಟಿ ನಮ್ಮನೆ ಹಜಾರದಲ್ಲಿತ್ತು.

ಬಂತು ನೋಡಿ ದೃಶ್ಯ. ಇನ್ಸ್‌ಪೆಕ್ಟರ್ ಮುಖ ಕಾಣಿಸ್ತು. ಅವರ ಎದುರಿಗೆ ನಿಂತಿದ್ದ ನನ್ನ ಬೆನ್ನು ಕಾಣಿಸ್ತು. ಮಾತೂ ಬಂತು, ಆದರೆ ಯಾರದೋ ದನಿಯಲ್ಲಿ. ಮುಗೀತು.

"ಎಲ್ಲೋ ನೀನು?" ಅಂದ ಪಕ್ಕದ ಮನೆಯವನು.

"ಅದೇ... ಬೆನ್ನು."

ಇಡೀ ಹಜಾರ ಬಿದ್ದು ಬಿದ್ದು ನಕ್ಕಿತು. ಅಮ್ಮನಿಗೆ ಎಲ್ಲಿಲ್ಲದ ಕೋಪ. "ಯಾಕ್ರೋ ನಗ್ತೀರಾ? ಆ ಬೆನ್ನಿಗೆ ಹಬ್ಬ ಹಬ್ಬಕ್ಕೂ ಎಣ್ಣೆ ತಿಕ್ಕಿರೋಳು ನಾನು. ನನ್ನ ಮಗನ ಬೆನ್ನು ನಂಗೆ ಗೊತ್ತಾಗಲ್ವಾ?"

ಮಾವ ಬಿಡಲಿಲ್ಲ, ಆಗಲೇ ಅಜ್ಜಂಪುರಕ್ಕೆ ಫೋನ್ ಹಚ್ಚಿದ. ಆ ಕಡೆಯಿಂದ ಉತ್ತರ ಬಂತು: "ನೋಡ್ದೆ ಕಣ್ರೀ. ಬೆನ್ನು ಪರವಾಗಿಲ್ಲ. ಹುಡ್ಗ ಮುಖ ತೋರ್ಸಿದ ದಿನ ನಾವೂ ಹುಡ್ಗಿ ತೋರಿಸ್ತೀವಿ."

ಅಜ್ಜಿಯ ತೀರ್ಪು

ಮುಖವೂ ಬಂತು. ದಿನಾ ಸಂಜೆ ಏಳು ಗಂಟೆ ಧಾರಾವಾಹಿಯಲ್ಲಿ ಮನೆಹಾಳ ಮೈದುನನ ಪಾತ್ರ. ಅತ್ತಿಗೆ ಕುಡಿಯೋ ಹಾಲಿಗೆ ವಿಷ ಬೆರೆಸ್ತೀನಿ, ಅವಳು ಜ್ಞಾನ ತಪ್ಪಿ ಆಸ್ಪತ್ರೆ ಸೇರ್ತಾಳೆ. ನನ್ನ ಕಣ್ಣನ್ನೇ ತೆರೆ ತುಂಬ ತೋರಿಸಿದರು. ಅಂಥ ಕಣ್ಣು ಈ ಸೀಮೆಯಲ್ಲಿ ಇನ್ನೊಂದಿಲ್ಲ, ಬಿಡಿ.

ಹುಡುಗಿಯ ಅಪ್ಪ ಮಾತಿಗೆ ತಪ್ಪಲಿಲ್ಲ. ಹೆಣ್ಣು ನೋಡೋ ಶಾಸ್ತ್ರಕ್ಕೆ ಕರೆದರು. ಹೊಸ ಶರ್ಟ್ ಹಾಕಿಕೊಂಡು ಅಮ್ಮ, ಮಾವನ ಜೊತೆ ಹೋದೆ. ಉಪ್ಪಿಟ್ಟು, ಕೇಸರಿಬಾತ್ ಆಯ್ತು. ಹುಡುಗಿ ಕಾಫಿ ತಂದಳು. ನನ್ನ ಸಂಸ್ಕಾರ ತೋರಿಸೋಣ ಅಂತ ಒಂದು ಲೋಟ ತಗೊಂಡು ಮೂಲೆಯಲ್ಲಿ ಕೂತಿದ್ದ ಅವಳ ಅಜ್ಜಿಗೆ ಕೊಡೋಕೆ ಹೋದೆ.

"ಅವ್ನ ಕೈಯಿಂದ ಲೋಟ ಕಿತ್ಕೊಳ್ರೋ!" ಅಂತ ಅಜ್ಜಿ ಕೂಗಿದ ರಭಸಕ್ಕೆ ಕಾಫಿಯೆಲ್ಲ ನನ್ನ ಹೊಸ ಶರ್ಟ್ ಮೇಲೆ. "ಇವ್ನೇ ಕಣ್ರೋ, ಆ ಮಗೀಗೆ ವಿಷ ಹಾಕ್ದೋನು!"

"ಅಜ್ಜೀ, ಅದು ನಟನೆ. ಹಾಲಿಗೆ ಹಾಕಿದ್ದು ಬರೀ ಸಕ್ಕರೆ."

"ಸಕ್ರೆ ತಿಂದೋಳು ಆಸ್ಪತ್ರೇಲಿ ಯಾಕ್ಲಾ ಮಲಗವ್ಳೆ?"

ಶರ್ಟ್ ಒರೆಸಿಕೊಂಡು ವಾಪಸ್ ಬಂದು ಕೂತೆ. ಆ ಮನೆಯಲ್ಲಿ ಅಜ್ಜಿ ಹೂಂ ಅನ್ನದೆ ಕೊಬ್ಬರಿ ಮೂಟೆಯೂ ಹೊರಗೆ ಹೋಗಲ್ಲ, ಇನ್ನು ಮೊಮ್ಮಗಳು ಹೋಗ್ತಾಳಾ? ತೀರ್ಪು ಬಂತು: "ಮೊದ್ಲು ಆ ಮಗು ಎದ್ದು ಕೂತ್ಕಳ್ಳಿ. ಆಮೇಲೆ ಮದ್ವೆ ಮಾತು."

ಕಣ್ಣೀರು

ನೇರವಾಗಿ ನಿರ್ದೇಶಕರ ಹತ್ತಿರ ಹೋದೆ. "ಸಾರ್, ದಯವಿಟ್ಟು ಅತ್ತಿಗೇನ ಬೇಗ ಎಬ್ಬಿಸಿ. ನನ್ನ ಮದುವೆ ನಿಂತಿದೆ."

"ಇನ್ನೂ ಮೂರು ತಿಂಗಳು ಅವಳು ಏಳಲ್ಲ ಕಣಯ್ಯ," ಅಂದರು. "ಅವಳು ಮಲಗಿದ ಮೇಲೇ ಜನ ಜಾಸ್ತಿ ನೋಡ್ತಿರೋದು."

ಕೈಕಾಲು ಹಿಡಿದ ಮೇಲೆ ನನಗೆ ಪಶ್ಚಾತ್ತಾಪದ ಒಂದು ದೃಶ್ಯ ಕೊಟ್ಟರು. ಅತ್ತಿಗೆಯ ಹಾಸಿಗೆ ಮೇಲೆ ಬಿದ್ದು ಗೊಳೋ ಅಂತ ಅತ್ತೆ ನೋಡಿ, ಲೈಟ್ ಹಿಡಿದವನೂ ಕಣ್ಣು ಒರೆಸಿಕೊಂಡ. ಪ್ರಸಾರವಾದ ತಕ್ಷಣ ಹುಡುಗಿಗೆ ಫೋನ್ ಮಾಡಿದೆ. "ಹೆಂಗಿತ್ತು? ಅಜ್ಜಿ ಕರಗಿದ್ರಾ?"

"ಅತ್ತಿದ್ದೇನೋ ಚೆನ್ನಾಗಿತ್ತು," ಅಂದಳು. ನರ್ಸ್ ಅಲ್ವಾ, ಕಣ್ಣು ಬೇರೆ ಕಡೆ. "ಆದ್ರೆ ಅಳ್ತಾ ಅಳ್ತಾ ಮೊಣಕೈ ಎಲ್ಲಿ ಊರಿದ್ರಿ ಗೊತ್ತಾ? ಆಕ್ಸಿಜನ್ ಪೈಪ್ ಮೇಲೆ! ನಾನು ಬಾಯ್ತಪ್ಪಿ ಹೇಳ್ಬಿಟ್ಟೆ. ಮೊದ್ಲು ವಿಷ, ಈಗ ಉಸುರು ಕಟ್ಸೋಕೆ ಬಂದವ್ನೆ ಅಂತ ಅಜ್ಜಿ ಊಟಾನೇ ಬಿಟ್ಟವ್ರೆ."

ಎದ್ದು ಬಂದ ಅತ್ತಿಗೆ

ಉಳಿದದ್ದು ಒಂದೇ ದಾರಿ. ಅತ್ತಿಗೆ ಪಾತ್ರ ಮಾಡ್ತಿದ್ದ ನಟಿಯ ಕಾಲಿಗೆ ಬಿದ್ದೆ. ಈ ಸಲ ಕ್ಯಾಮೆರಾ ಇಲ್ಲದೆ. ಪಾಪ, ನಕ್ಕೂ ನಕ್ಕೂ ಸಾಕಾಗಿ ಒಪ್ಪಿಕೊಂಡರು. ಶೂಟಿಂಗ್ ಇಲ್ಲದ ದಿನ ರೈಲಲ್ಲಿ ಅಜ್ಜಂಪುರಕ್ಕೆ ಬಂದಿಳಿದರು. ಜೀನ್ಸ್ ಪ್ಯಾಂಟು, ಕಪ್ಪು ಕನ್ನಡಕ.

ಅಜ್ಜಿ ಕನ್ನಡಕ ತೆಗೆಸಿ ಮುಖ ನೋಡಿದರು. ಕೆನ್ನೆ ಸವರಿದರು. "ಸೊರಗೋಗಿದೀಯ ಕಣವ್ವಾ," ಅಂತ ದೃಷ್ಟಿ ತೆಗೆದು, ಎಲೆ ಹಾಕಿಸಿ, ಹೋಳಿಗೆ ಮೇಲೆ ತುಪ್ಪ ಸುರಿದರು. ಆಮೇಲೆ ನನ್ನ ಕಡೆ ಗದ್ದ ಚಾಚಿ, "ಈ ಪಾಪೀನ ಕ್ಷಮಿಸಿದೀಯಾ?" ಅಂದರು.

"ಯಾವಾಗ್ಲೋ ಕ್ಷಮಿಸಿದೀನಿ ಅಜ್ಜಿ. ಅವರು ಒಳ್ಳೇವ್ರು."

ಅಜ್ಜಿಯ ಹೂಂ ಇನ್ನೂ ಬಾಕಿ; ನಟಿಯ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ನನ್ನ ಜೊತೆ ಬಂದಿದ್ದ ಅಮ್ಮ ಸೆರಗಿನ ತುದಿ ಹಿಂಡುತ್ತಾ ಕೂತಿದ್ದಳು. ಹುಡುಗಿ ಬಾಗಿಲ ಸಂದಿಯಲ್ಲಿ. ಅಷ್ಟರಲ್ಲಿ ಏಳು ಗಂಟೆ ಹೊಡೀತು. ಹುಡುಗಿಯ ಅಪ್ಪ ಅಭ್ಯಾಸಬಲದಿಂದ ಟಿವಿ ಹಾಕಿಬಿಟ್ಟರು!

ತೆರೆ ಮೇಲೆ ಅದೇ ಆಸ್ಪತ್ರೆ. ದೊಡ್ಡ ಡಾಕ್ಟರು ಇಬ್ಬರು ನರ್ಸ್‌ಗಳ ಜೊತೆ ಅತ್ತಿಗೆಯ ವಾರ್ಡಿನ ಕಡೆ ದಡದಡ ಬರ್ತಿದ್ದಾರೆ. ಅಜ್ಜಿ ಟಿವಿ ನೋಡಿದರು. ಪಕ್ಕದಲ್ಲಿ ಮೂರನೇ ಹೋಳಿಗೆ ಮುರೀತಿದ್ದ ನಟಿಯನ್ನು ನೋಡಿದರು. ಮತ್ತೆ ಟಿವಿ ನೋಡಿದರು. ಮುಗೀತು ನನ್ನ ಕತೆ ಅಂದುಕೊಂಡೆ. ಎದ್ದು ಚಪ್ಪಲಿ ಎಲ್ಲಿದೆ ಅಂತಲೂ ನೋಡಿಕೊಂಡೆ.

ಅಜ್ಜಿ ನಟಿಯ ಭುಜ ಹಿಡಿದು ಅಲುಗಾಡಿಸಿದರು.

"ಬಿರ್ರನೆ ತಿಂದು ಹೊರಡವ್ವಾ, ಡಾಕ್ಟ್ರು ಬತ್ತಾವ್ರೆ! ಅವ್ರು ಬಂದು ನೋಡ್ದಾಗ ಹಾಸ್ಗೆ ಖಾಲಿ ಇದ್ರೆ ಆ ತಪ್ಪೂ ನಮ್ಮ ಅಳಿಯಂದ್ರ ತಲೆಗೇ ಕಟ್ತಾರೆ!"