ತೋಳಿಗೆ ಮೊಬೈಲು ಕಟ್ಟಿಕೊಂಡವಳು

ಜೂನ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ಗುಲ್ವಾಡಿಯಲ್ಲಿ ನನ್ನ ತಮ್ಮನ ಮನೆಯ ಚಾವಡಿ. ಹಾಜರಿದ್ದವರು: ನಾನು, ನನ್ನ ತಮ್ಮ, ಮುಂಬಯಿಯಲ್ಲಿ ಹೋಟೆಲುಗಳನ್ನಿಟ್ಟಿರುವ ಬೈಂದೂರಿನ ಧಣಿಗಳು ಮತ್ತು ನನ್ನ ತಮ್ಮನ ಮಗಳು. ಈ ಕೊನೆಯವಳನ್ನು ಹಾಜರಿಯಲ್ಲಿ ಸೇರಿಸುವುದು ಸ್ವಲ್ಪ ಕಷ್ಟ. ದೇಹ ಚಾವಡಿಯಲ್ಲಿತ್ತು, ಜೀವ ಎಡತೋಳಿಗೆ ಕಟ್ಟಿಕೊಂಡ ಮೊಬೈಲಿನಲ್ಲಿತ್ತು!

ಇಂಥ ವಿಚಿತ್ರ ಜೀವಿ ಕುಂದಾಪುರ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ. ಇದ್ದರೆ ಆ ಮನೆಯವರ ಬಗ್ಗೆ ನನಗೆ ಪೂರ್ಣ ಸಹಾನುಭೂತಿಯಿದೆ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವಳ ಕಿವಿಯನ್ನು ಒಯ್ದಿತು; ಬಾಯಿಯನ್ನು ಒಯ್ಯಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಾಳೆ, ಉತ್ತರವನ್ನು ಹೊಳೆಯ ಆಚೆ ದಡದವರಿಗೂ ಕೇಳುವಂತೆ ಕೊಡುತ್ತಾಳೆ. ಜಗಳದಲ್ಲಿ ಸೋಲುವ ಲಕ್ಷಣ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅಲ್ಲಿಗೆ ಎದುರಾಳಿಯ ವಾದ ಮುಗಿಯಿತು! ಇಂಥವಳ ಹತ್ತಿರ ಗೆಲ್ಲುವವರು ಯಾರು?

ಅವಳೂ ಬ್ರಹ್ಮಾವರದ ಗೆಳತಿಯೊಬ್ಬಳೂ ಸೇರಿ ಹೋಟೆಲುಗಳ ಆರ್ಡರು, ಬಿಲ್ಲು ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯುತ್ತಾರೆ. ಇವಳು ಗುಲ್ವಾಡಿಯ ಮಾಳಿಗೆಯಲ್ಲಿ, ಅವಳು ಬ್ರಹ್ಮಾವರದ ಮನೆಯಲ್ಲಿ. ಬರೆದದ್ದನ್ನು ಒಂದು ಯಂತ್ರ ತಾನೇ ಪರೀಕ್ಷೆ ಮಾಡುತ್ತದೆ, ತಾನೇ ಈ ಧಣಿಗಳ ಮುಂಬಯಿ ಹೋಟೆಲುಗಳಿಗೆ ಕಳಿಸುತ್ತದೆ. ಏನಾದರೂ ಅನುಮಾನ ಬಂದರೆ ಹತ್ತು ನಿಮಿಷ ತಡೆದು ಹಿಡಿದು, ಇವರನ್ನು ಕೇಳುತ್ತದೆ. ಅಷ್ಟರಲ್ಲಿ ಯಾರೂ 'ಬೇಡ' ಎನ್ನದಿದ್ದರೆ ತಪ್ಪೋ ಒಪ್ಪೋ, ಹೊರಟೇ ಹೋಗುತ್ತದೆ. ಆದ್ದರಿಂದ ಇಬ್ಬರಲ್ಲಿ ಒಬ್ಬರು ಸದಾ ಡ್ಯೂಟಿಯಲ್ಲಿರಬೇಕು. ಗೆಳತಿಗೆ ಯಂತ್ರ ಫೋನು ಮಾಡುತ್ತದೆ. ಇವಳಿಗೆ ಫೋನು ಮಾಡಿ ಏನು ಪ್ರಯೋಜನ? ಇಂಟರ್‌ನೆಟ್ಟನ್ನು ನಂಬೋಣವೆಂದರೆ, ಗುಲ್ವಾಡಿಯಲ್ಲಿ ಎರಡು ಹನಿ ಮಳೆ ಬಿದ್ದರೆ ಸಾಕು, ಅದು ಕಂಬಳಿ ಹೊದ್ದು ಮಲಗುತ್ತದೆ. ಆಗಲೂ ಎದ್ದು ನಡೆಯುವುದು ಹಳೆಯ ಎಸ್ಸೆಮ್ಮೆಸ್ ಒಂದೇ. ಯಂತ್ರವೇ ಎಸ್ಸೆಮ್ಮೆಸ್ ಕಳಿಸುವಂತೆ ಇವಳೇ ಏರ್ಪಾಡು ಮಾಡಿಕೊಂಡಳು. ತೋಳಿನ ಮೇಲೆ ಮೊಬೈಲು ನಡುಗಿದರೆ ಇವಳು ಏಳಬೇಕು.

ಇಷ್ಟಕ್ಕೆ ನಿಲ್ಲಿಸಿದ್ದರೆ ಅವಳನ್ನು ಬುದ್ಧಿವಂತೆ ಎನ್ನಬಹುದಿತ್ತು. ಅವಳು ನಿಲ್ಲಿಸಲಿಲ್ಲ. ನೀರಿನ ಟ್ಯಾಂಕಿ ತುಂಬಿದರೆ ಎಸ್ಸೆಮ್ಮೆಸ್. ಅಂಗಳದಲ್ಲಿ ಮಳೆ ಬಂದರೆ ಎಸ್ಸೆಮ್ಮೆಸ್. ಅದು ಬರುವಾಗ ನಾವು ನೆನೆದ ಬಟ್ಟೆಯನ್ನು ಎರಡನೆಯ ಸಲ ಹಿಂಡುತ್ತಿರುತ್ತಿದ್ದೆವು. ಅವಳಪ್ಪನಿಗೆ, "ಅಪ್ಪಯ್ಯ, ಗುಳಿಗೆ ತಕಣಿ" ಎಂದು ಊಟವಾದ ಮೇಲೆ ಎಸ್ಸೆಮ್ಮೆಸ್. ನನ್ನ ತಮ್ಮ ಸಾಧು ಪ್ರಾಣಿ, "ತಕಂಡೆ ಮಗಾ" ಎಂದು ಯಂತ್ರಕ್ಕೆ ವಿನಯದಿಂದ ಉತ್ತರಿಸುತ್ತಿದ್ದ. ಯಂತ್ರಕ್ಕೆ ವಿನಯ ಅರ್ಥವಾಗಬೇಕಲ್ಲ! ಅದು ಮತ್ತೆ ಕೇಳುವುದು, ಇವನು ಮತ್ತೆ ಹೇಳುವುದು. ಕೊನೆಗೊಂದು ದಿನ ನನ್ನ ಬಳಿ ಬಂದು, "ಅಕ್ಕ, ಇದ್ಕೆ ಸಮಾಧಾನ ಆಪುಕೆ ಇನ್ನೊಂದ್ ಗುಳಿಗೆ ನುಂಗುದಾ?" ಎಂದು ಕೇಳಿದ. ನಾನು ಮೊಬೈಲನ್ನೇ ಕಸಿದುಕೊಂಡೆ.

ಸಾಫ್ಟ್‌ವೇರಿನಲ್ಲೂ ಇದೇ ಕಥೆ. ಗೆಳತಿ ಒಂದು ಸಾಲು ಬರೆದರೆ ಮೆಸೇಜು, ಪರೀಕ್ಷೆ ಶುರುವಾದರೆ ಮೆಸೇಜು, ಮುಗಿದರೆ ಮೆಸೇಜು, ಎಲ್ಲವೂ ಸುಸೂತ್ರವಾಗಿದ್ದರೆ ಆ ಸಂತೋಷಕ್ಕೊಂದು ಮೆಸೇಜು. ತೋಳು ದಿನವಿಡೀ ನಡುಗಿ ನಡುಗಿ ಮರಗಟ್ಟಿತು. ಮೇ ತಿಂಗಳಲ್ಲಿ ನಿಜವಾದ ತಪ್ಪೊಂದು ಬಂದಾಗ, ಅದೂ ಇನ್ನೊಂದು ಸಂತೋಷವಿರಬೇಕು ಎಂದು ಇವಳು ನೋಡಲೇ ಇಲ್ಲ. ಮುಂಬಯಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಬಿಲ್ಲುಗಳೆಲ್ಲ ನಿಂತುಹೋದವು. ಧಣಿಗಳು ಸಿಟ್ಟಾದರು. ಗೆಳತಿಗೆ ಫೋನು ಮಾಡಿ ಒಂದೇ ಮಾತು ಹೇಳಿದರು: "ನಿಮ್ಮ್ ಕೆಲ್ಸ ಬರೋಬರ್ ಇತ್ತ್. ಆದ್ರೆ ಡ್ಯೂಟಿಗ್ ಕಿವಿ ಕೇಂಬೋರ್ ಯಾರನ್ನಾರೂ ಇಡಿ. ಆ ಹೆಣ್ ಬ್ಯಾಡ."

ಗೆಳತಿ ಅದನ್ನು ಮುಚ್ಚಿಡದೆ ಇವಳಿಗೆ ತಿಳಿಸಿದಳು. ಆ ದಿನ ನನ್ನ ಸೋದರಸೊಸೆ ಕಣ್ಣು ಮುಚ್ಚಿಕೊಳ್ಳಲಿಲ್ಲ, ಬಾಯಿ ಮುಚ್ಚಿಕೊಂಡಳು. ಅದು ನನಗೆ ಹಿಡಿಸಲಿಲ್ಲ.

ನಾನು ಕೆಲಸದಿಂದ ನಿವೃತ್ತಳಾಗುವವರೆಗೂ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಹೆಡ್ ನರ್ಸ್ ಆಗಿದ್ದವಳು. ಹಾಸಿಗೆಯ ಚಾದರದಲ್ಲಿ ಒಂದು ಸುಕ್ಕು ಕಂಡರೂ ನನಗೆ ಆಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆಯೇ ಅವಳ ಎದುರು ಕುರ್ಚಿ ಎಳೆದುಕೊಂಡು ಕುಳಿತೆ.

"ಹೆಣೇ, ಇಲ್ಲ್ ಕಾಣ್. ನಮ್ಮ್ ವಾರ್ಡಿಗೆ ಹೊಸ ಮಿಷಿನ್ ಬಂದಾಗ ಎಂತದ್ದಕ್ಕೂ ಪೀಂ ಪೀಂ ಅಂದ್ ಬಡ್ಕಂತಿತ್ತ್. ಕಡಿಗೆ ನರ್ಸಮ್ಮಂದಿರ್ ಅದ್ರ್ ಮೇಲ್ ತಲೆದಿಂಬು ಇಟ್ರ್."

"ಮತ್ತೆ ನೀವ್ ಎಂತ ಮಾಡಿದ್ರಿ ಅತ್ತೆ?"

"ಎದ್ದ್ ಹೋಪ್ ಕೆಲ್ಸ ಇದ್ರ್ ಮಾತ್ರ ಗಂಟೆ. ಬಾಕಿದ್ದ್ ಎಲ್ಲ ಬಂದ್. ನಿನ್ನದ್ದೂ ಹಂಗೇ ಮಾಡ್."

ಇಬ್ಬರೂ ಒಂದೊಂದೇ ಮೆಸೇಜನ್ನು ತೆಗೆಯುತ್ತ ಹೋದೆವು. ಬೆಕ್ಕಿನ ಮರಿಗಳನ್ನು ಬೇರೆ ಮನೆಗೆ ಕೊಡುವವಳಂತೆ ಅವಳು ಪ್ರತಿಯೊಂದಕ್ಕೂ ಗೋಗರೆದಳು.

"ಅತ್ತೆ, ಈ ಸಂತೋಷದ್ದ್ ಒಂದಾರೂ ಇರ್ಲಿ!"

"ಸಂತೋಷಕ್ಕೆ ಯಾರೂ ಎದ್ದ್ ಓಡುಕಿಲ್ಲೆ. ತೆಗಿ!"

ಕೊನೆಗೆ ಉಳಿದದ್ದು ಒಂದೇ ಮೆಸೇಜು. ಅದಕ್ಕೆ ಸೊನ್ನೆ ಒತ್ತಿ ಉತ್ತರಿಸಿದರೆ ಯಂತ್ರ ಅಲ್ಲೇ ನಿಲ್ಲಬೇಕು. ಅದಕ್ಕೂ ಇಂಟರ್‌ನೆಟ್ ಬೇಡ. ಒಕ್ಕಣೆ ಅವಳದ್ದೇ: "ಹ್ವಾಯ್! ತಪ್ಪ್ ಹೊರಟಿತ್. ಏಳ್!" ಇಷ್ಟು ಮಾಡಿ ಅವಳು ಧಣಿಗಳಿಗೆ ನೇರವಾಗಿ ಬರೆದಳು: ಊರಿಗೆ ಬಂದಾಗ ನಮ್ಮಲ್ಲಿ ಬನ್ನಿ, ನೀವು ಬಯಸಿದ ಹೊತ್ತಿಗೆ, ನನಗೆ ಹೇಳದೆ, ಗೆಳತಿಯಿಂದ ಬೇಕೆಂದೇ ಒಂದು ತಪ್ಪು ಹಾಕಿಸಿ. ನಾನು ತಡೆಯದಿದ್ದರೆ ಡ್ಯೂಟಿ ಬಿಡುತ್ತೇನೆ.

ಅದಕ್ಕೇ ಆ ಬುಧವಾರ ಧಣಿಗಳು ಚಾವಡಿಯಲ್ಲಿ ಕುಳಿತದ್ದು. ಮನುಷ್ಯ ಒಳ್ಳೆಯವರೇ, ಆದರೆ ಪಕ್ಕಾ ವ್ಯಾಪಾರಿ. ಹತ್ತು ಗಂಟೆಗೆ ಚಹಾ ಕುಡಿದರು, ಏನೂ ಆಗಲಿಲ್ಲ. ಹನ್ನೊಂದಕ್ಕೆ ಹೊಳೆ ನೋಡಿ ಬಂದರು, ಏನೂ ಆಗಲಿಲ್ಲ. ಮಳೆ ಹಿಡಿಯಿತು, ಕರೆಂಟು ಹೋಯಿತು, ಇಂಟರ್‌ನೆಟ್ಟೂ ಅದರ ಹಿಂದೆಯೇ ಹೋಯಿತು. ಧಣಿಗಳ ಮುಖದಲ್ಲಿ ಸಣ್ಣ ನಗು ಕಂಡಿತು. ಕೈತೊಳೆಯುವ ನೆಪದಲ್ಲಿ ಹಿತ್ತಿಲ ಜಗಲಿಗೆ ಹೋಗಿ ಯಾರಿಗೋ ಫೋನು ಮಾಡಿ ಬಂದು, ಊಟಕ್ಕೆ ಕುಳಿತರು.

ನನ್ನ ಸೊಸೆ ಎಡಗೈಯಲ್ಲಿ ಹೊಳೆಮೀನು ಸಾರಿನ ಪಾತ್ರೆ, ಬಲಗೈಯಲ್ಲಿ ಸೌಟು ಹಿಡಿದು ಬಡಿಸುತ್ತಿದ್ದಳು. ಸಾರು ಇನ್ನೇನು ಧಣಿಗಳ ಅನ್ನದ ಮೇಲೆ ಬೀಳಬೇಕು, ಅಷ್ಟರಲ್ಲಿ ತೋಳಿನ ಮೊಬೈಲು ನಡುಗಿತು!

ಪಾತ್ರೆ ಕೆಳಗಿಡು ಎಂದು ಹೇಳಲು ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಿದರಲ್ಲವೇ ಹೇಳುವುದು? ಸಾರಿನ ಪಾತ್ರೆಯ ಸಮೇತ ಎಡಗೈಯನ್ನು ಮುಖದವರೆಗೆ ಎತ್ತಿದಳು, ಮೂಗನ್ನು ಮೊಬೈಲಿಗೆ ಊರಿದಳು, ತುದಿಮೂಗಿನಿಂದ ಸೊನ್ನೆ ಒತ್ತಿದಳು. ಒಂದು ಸಲ ತಪ್ಪಿತು. ಇನ್ನೊಂದು ಸಲ ಒತ್ತಿದಳು. ನನ್ನ ತಮ್ಮ ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿದ. ಅವಳು ಮುಖವೆತ್ತಿದಾಗ ಮೂಗಿನ ತುದಿಯಲ್ಲಿ ಸಾರಿನ ಕೆಂಪು ಬೊಟ್ಟು. ಏನೂ ನಡೆದಿಲ್ಲವೆಂಬಂತೆ ಧಣಿಗಳ ಎಲೆಗೆ ಸಾರು ಬಡಿಸಿ, "ತುಂಡ್ ಹಾಕುದಾ ಧಣಿಗಳೆ?" ಎಂದು ಕೇಳಿದಳು.

ಧಣಿಗಳ ಫೋನು ಹೊಡೆದುಕೊಂಡಿತು. ಬ್ರಹ್ಮಾವರದ ಗೆಳತಿ ಕಿರುಚಿದ್ದು ನಮಗೆಲ್ಲ ಕೇಳಿಸಿತು: "ನಿಂತಿತ್! ಅವ್ಳ್ ನಿಲ್ಸಿಯಾಯ್ತ್!"

ಧಣಿಗಳು ಫೋನು ಕೆಳಗಿಟ್ಟರು. ಅವಳ ಕಡೆ ಸರಿಯಾಗಿ ತಿರುಗಿ, ತುಟಿ ಕಾಣುವಂತೆ ನಿಧಾನವಾಗಿ ಹೇಳಿದರು: "ಅರೆ, ನನ್ನ್ ಮ್ಯಾನೇಜರ್‌ಗಳಿಗೆ ಎರಡ್ ಎರಡ್ ಕಿವಿ ಇತ್ತ್ ಮಗಾ. ಹತ್ತ್ ಸಲ ಕರದ್ರೂ ಒಬ್ಬ ಓ ಅಂಬುದಿಲ್ಲೆ. ಡ್ಯೂಟಿ ನೀನೇ ಮಾಡ್."

"ಮಾಡ್ತೆ. ತುಂಡ್ ಬೇಕಾ ಬ್ಯಾಡ್ದಾ, ಅದ್ನ್ ಹೇಳಿ."

"ಎರಡ್ ಹಾಕ್!"

ಧಣಿಗಳು ಬೈಂದೂರಿಗೆ ಹೊರಟ ಮೇಲೆ ನಾನು ಪಾತ್ರೆ ತೊಳೆದೆ, ಒಲೆಕಟ್ಟೆ ಒರೆಸಿದೆ, ಸಂಜೆಯ ದೀಪ ಹಚ್ಚಿದೆ. ಅವಳು ಕುಣಿಯುತ್ತ ಮಾಳಿಗೆಯಿಂದ ಇಳಿದು ಬಂದಳು.

"ಅತ್ತೆ, ಇನ್ನೊಂದ್ ಮೆಸೇಜ್ ಬರೀತೆ. ಊಟ ತಯಾರಾಯ್ತಂದ್ರೆ ನೀವ್ ಅಡ್ಗಿ ಮನೆಲೇ ಒಂದ್ ಗುಂಡಿ ಒತ್ತಿ, ಸಾಕ್. ಮಂಡಿನೋವ್ ಇಟ್ಕಂಡ್ ನನ್ನ್ ಕರುಕೆ ದಿನಾ ಮೆಟ್ಲ್ ಹತ್ತುದ್ ಬ್ಯಾಡ."

ಯೋಜನೆ ಒಳ್ಳೆಯದೇ. ನನ್ನ ಮಂಡಿ ಕೂಡಲೇ ಒಪ್ಪಿತು. "ಅದೊಂದ್ ಬ್ಯಾಡ" ಎಂದೆ.

"ಎಂತಕೆ?"

"ಬ್ಯಾಡ ಅಂದ್ರೆ ಬ್ಯಾಡ!" ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅವಳು ನಗುತ್ತ ಮೇಲೆ ಹೋದಳು.

ಎಂಟಕ್ಕೆ ಗಂಜಿ ಬಸಿದೆ. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಅವಳು ಬಾಗಿಲಿಗೆ ಬೆನ್ನು ಹಾಕಿ ಕೆಲಸದಲ್ಲಿ ಮುಳುಗಿದ್ದಳು. ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟೆ. ತಿರುಗಿ ನೋಡಲಿಲ್ಲ, ಬೆಚ್ಚಲಿಲ್ಲ. ತನ್ನ ಕೆನ್ನೆಯನ್ನು ನನ್ನ ಕೈಗೆ ಒರಗಿಸಿ, "ಬಂದೆ ಅತ್ತೆ" ಎಂದಳು.

ಮೂವರೂ ಉಂಡೆವು. ಹಾಲಿಗೆ ಹೆಪ್ಪು ಹಾಕಿ, ಅಡುಗೆಮನೆಯ ಬಾಗಿಲು ಎಳೆದೆ.