ಹೊಸ್ತಿಲು ದಾಟದ ಲೇಖನ

ಆ ಮಂಗಳವಾರ ನಮ್ಮ ಲೇಖಕರು ಹಲ್ಲುಜ್ಜುತ್ತಲೇ ಘೋಷಿಸಿದರು: "ಇವತ್ತು ಹನ್ನೆರಡರೊಳಗೆ ಲೇಖನ ಹೋಗದಿದ್ರೆ ನಂಗೆ ಬೇರೆ ಹೆಸರಿಡು!"

"ಇಟ್ಟಾಗಿದೆ. ನಿಮಗೆ ಹೇಳಿಲ್ಲ ಅಷ್ಟೆ," ಎಂದಳು ಹೆಂಡತಿ.

ಲೇಖಕರ ಬಾಯಿ ಜೋರಿದ್ದರೂ ಒಳಗೆ ಅಳುಕು. ಯಾವ ಕಚೇರಿಗೂ ಸೇರದೆ, ಮನೆಯಲ್ಲೇ ಕೂತು ಪತ್ರಿಕೆಗಳಿಗೆ ಬರೆದು ಬದುಕುವ ಜೀವ ಅವರದು. ನಾಲ್ಕು ಅಂಕಣಗಳಲ್ಲಿ ಮೂರು ಒಂದೊಂದಾಗಿ ಕಣ್ಣು ಮುಚ್ಚಿದ್ದವು. ಉಳಿದದ್ದು ವಾರದ ವಿಜ್ಞಾನ ಸುದ್ದಿ ಒಂದೇ. ಇನ್ನೊಮ್ಮೆ ತಡವಾದರೆ ಅದೂ ನಿಂತಂತೆ ಎಂದು ಸಂಪಾದಕರು ಎಚ್ಚರಿಸಿದ್ದರು. ಅದೂ ಹೋದರೆ ಬೆಳಿಗ್ಗೆ ಏಳುವುದಾದರೂ ಯಾಕೆ ಎಂಬ ಭಯ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು.

ಅಂದಿನ ಸುದ್ದಿ: ಬಾಗಿಲು ದಾಟಿ ಇನ್ನೊಂದು ಕೋಣೆಗೆ ಹೋದ ಮನುಷ್ಯ ಹೋದ ಕೆಲಸವನ್ನೇ ಮರೆಯುತ್ತಾನಂತೆ! ಬರೆಯುವ ಸುದ್ದಿಯನ್ನು ಮೊದಲು ತಾವೇ ಪಾಲಿಸಿ ನೋಡುವುದು ಲೇಖಕರ ದುರಭ್ಯಾಸ. ಕೂತು ಬರೆಯುವುದು ಕೆಟ್ಟದ್ದೆಂದು ಬರೆದ ವಾರ ನಿಂತೇ ಬರೆದು ಸೊಂಟ ಹಿಡಿಸಿಕೊಂಡಿದ್ದರು.

"ಮುಗಿಯೋವರೆಗೂ ಹೊಸ್ತಿಲು ದಾಟಲ್ಲ!"

ಹೆಂಡತಿ ಕೆಲಸಕ್ಕೆ ಹೊರಟದ್ದೇ ತಡ, ನೀರು, ಬಾಳೆಹಣ್ಣು, ಬಿಸ್ಕತ್ತು, ಫೋನು ಎಲ್ಲವನ್ನೂ ಕೋಣೆಗೆ ಸಾಗಿಸಿದರು. ಬಾಗಿಲಿಗೆ ಅಡ್ಡವಾಗಿದ್ದ ದಪ್ಪ ನಿಘಂಟನ್ನು ಸರಿಸಿ, ಕದವನ್ನು ಧಡಾರನೆ ಮುಚ್ಚಿದರು.

ಹನ್ನೊಂದೂವರೆಗೆ ಲೇಖನ ಮುಗಿಯಿತು. ಅಂಥದ್ದನ್ನು ಅವರು ವರ್ಷಗಳಿಂದ ಬರೆದಿರಲಿಲ್ಲ! ಇನ್ನೇನು ಕಳಿಸಬೇಕು, ಲ್ಯಾಪ್‌ಟಾಪ್ ಆರಿಹೋಯಿತು. ಚಾರ್ಜರ್ ಹಾಲ್‌ನಲ್ಲಿ! ಬಾಗಿಲಿಗೆ ಓಡಿದರೆ ಒಳಗಿನ ಹಿಡಿ ಇರಬೇಕಾದ ಕಡೆ ಬರೀ ತೂತು. ನಿಘಂಟು ಅಲ್ಲೇಕಿತ್ತು ಎಂಬುದು ಆಗ ನೆನಪಾಯಿತು.

ಹೆಂಡತಿಗೆ ಫೋನ್ ಮಾಡಿದರು.

"ಹಿಡಿ ಹಾಕ್ಸಿ ಅಂತ ಮೂರು ತಿಂಗಳಿಂದ ಬಡ್ಕೊಳ್ತಿದ್ದೀನಿ!"

"ಬರೆಯೋ ಕೆಲಸ ಇತ್ತು ಕಣೆ..."

"ಹಾಗಾದ್ರೆ ಅಲ್ಲೇ ಕೂತು ಬರೀತಾ ಇರಿ!"

ಸಂಪಾದಕರಿಗೆ ಮಾಡಿದರು. ಅವರು ಎತ್ತಲಿಲ್ಲ. ಲೇಖಕರು ನೆಲದ ಮೇಲೆ ಕೂತು ಬಾಳೆಹಣ್ಣು ಸುಲಿದರು, ತಿನ್ನಲಾಗಲಿಲ್ಲ. ಗಡಿಯಾರ ಹನ್ನೆರಡು ಹೊಡೆದಾಗ ಅವರ ಕಣ್ಣು ತುಂಬಿಬಂತು.

ಹನ್ನೆರಡೂವರೆಗೆ ಹೆಂಡತಿ ಬಡಗಿಯನ್ನು ಕರೆದುಕೊಂಡು ಬಂದಳು. ಕದ ತೆರೆದದ್ದೇ ಲೇಖಕರು ಹಾಲ್‌ಗೆ ನುಗ್ಗಿದರು. ನಡುವೆ ನಿಂತರು. ಅತ್ತ ನೋಡಿದರು, ಇತ್ತ ನೋಡಿದರು.

"ಏನ್ ಹುಡುಕ್ತಿದ್ದೀರಿ?"

"ಅದೇ ಗೊತ್ತಾಗ್ತಿಲ್ಲ ಕಣೆ..."

"ಚಾರ್ಜರ್ ರೀ, ಚಾರ್ಜರ್!"

ಲೇಖನ ಹೋಯಿತು. ಐದೇ ನಿಮಿಷಕ್ಕೆ ಸಂಪಾದಕರ ಫೋನ್ ಬಂತು.

"ತಡ ಆಯ್ತು, ಕ್ಷಮಿಸ್ಬೇಕು ಸಾರ್," ಎಂದು ಲೇಖಕರು ಗೋಗರೆದರು.

"ತಡ ಎಲ್ಲಿ ಬಂತು ಸಾರ್? ಅಂಕಣ ಹೋದ ವಾರದ ಮೀಟಿಂಗ್‌ನಲ್ಲೇ ನಿಲ್ಸಿದ್ವಿ. ನಿಮಗೆ ತಕ್ಷಣ ಹೇಳೋಣ ಅಂತ ಎದ್ದೆ. ಬಾಗಿಲು ದಾಟಿ ನನ್ನ ಕೋಣೆಗೆ ಬರೋಷ್ಟರಲ್ಲಿ ಮರೆತೇಹೋಯ್ತು ನೋಡಿ!"

ಲೇಖಕರು ಫೋನ್ ಕೆಳಗಿಟ್ಟರು. ಬಡಗಿ ಕೂಡ ಆಗಷ್ಟೇ ಕೈಗೆತ್ತಿಕೊಂಡಿದ್ದ ಸುತ್ತಿಗೆ ಕೆಳಗಿಟ್ಟ. ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಪಕ್ಕದಲ್ಲಿ ಕೂತು, ಲೇಖನವನ್ನು ಕೊನೆಯ ಸಾಲಿನವರೆಗೂ ಓದಿದಳು.

"ಚೆನ್ನಾಗಿ ಬರ್ದಿದ್ದೀರಿ. ಸುದ್ದೀನೂ ನಿಜ," ಎಂದಳು. ಆಮೇಲೆ ಮೆಲ್ಲಗೆ, "ಇನ್ನು ಪುರುಸೊತ್ತೂ ಆಯ್ತಲ್ಲ ರೀ. ಆ ಹಿಡಿ ಹಾಕ್ಸಿ."